ಜುಗೂಳದ ಮನೆ, ಚಿಕ್ಕೋಡಿಯ ಕಂತು

ಶೇವಂತಾಬಾಯಿ ಕಾಂಬಳೆಯವರ ಸಂಬಳದಿಂದ ಪ್ರತಿ ತಿಂಗಳು ಹನ್ನೊಂದು ಸಾವಿರ ಚಿಲ್ಲರೆ ರೂಪಾಯಿ ಒಂದು ಮನೆಯ ಸಾಲಕ್ಕೆ ಹೋಗುತ್ತದೆ. ಆ ಮನೆ ಈಗ ಅವರದಲ್ಲ. ಅದರೊಳಗೆ ಬೇರೆಯವರ ನೀರಿನ ಮೋಟಾರು, ಪೈಪು, ದನದ ಹಿಂಡಿಯ ಚೀಲಗಳಿವೆ. ಆ ಸಾಲದ ಕಾಗದಕ್ಕೆ ಅವರಿಂದ ಮೊದಲ ಸಹಿ ಹಾಕಿಸಿದವನು ನಾನು. ಕೊನೆಯ ಸಹಿ ಹಾಕಿಸಿದವನೂ ನಾನೇ. ಚಿಕ್ಕೋಡಿಯ ಒಂದು ಬ್ಯಾಂಕಿನಲ್ಲಿ ಸಾಲದ ವಿಭಾಗ ನೋಡಿಕೊಳ್ಳುತ್ತಿದ್ದೆ. ಈಗ ನಿವೃತ್ತನಾಗಿದ್ದೇನೆ. ನೂರಾರು ಮನೆಗಳ ಕಾಗದ ನನ್ನ ಕೈಯಿಂದ ಹಾದುಹೋಗಿವೆ. ಮರೆಯಲಾಗದೆ ಉಳಿದದ್ದು ಇದೊಂದೇ.

ಶೇವಂತಾಬಾಯಿ ಹುಟ್ಟಿದ್ದು ಕಾಗವಾಡ ತಾಲೂಕಿನ ಜುಗೂಳದಲ್ಲಿ, ಕೃಷ್ಣೆಯ ದಂಡೆಗೆ. ಅಪ್ಪ ಬೇಗ ತೀರಿಕೊಂಡಿದ್ದ. ತಾಯಿ ಸುಂದರಾಬಾಯಿ ಮಂದಿಯ ಹೊಲದಲ್ಲಿ ಕಬ್ಬಿನ ಕಸ ತೆಗೆದು ಮಗಳನ್ನು ಬೆಳೆಸಿದರು. ಅವರ ಕೇರಿ ಊರಿನ ತಗ್ಗಿನಲ್ಲಿತ್ತು. ಹೊಳೆ ಏರಿದ ವರ್ಷ ಗಂಟುಮೂಟೆ ಹೊತ್ತು ಶಾಲೆಗೆ ಹೋಗುವುದು, ಇಳಿದ ಮೇಲೆ ಬಂದು ಮಣ್ಣಿನ ಗೋಡೆ ಮತ್ತೆ ಮೆತ್ತುವುದು, ಇದು ಅವರಿಗೆ ಸುಗ್ಗಿಯಷ್ಟೇ ರೂಢಿಯ ಕೆಲಸ. ಶೇವಂತಾ ಓದಿದಳು. ಬೆಳಗಾವಿಯಲ್ಲಿ ನರ್ಸಿನ ತರಬೇತಿ ಮುಗಿಸಿ ಆರೋಗ್ಯ ಇಲಾಖೆಗೆ ಸೇರಿದಳು. ನಿಪ್ಪಾಣಿ ಕಡೆಯ ಭೋಜದ ರಾಜಾರಾಮ ಎಂಬಾತನೊಂದಿಗೆ ಮದುವೆಯಾಯಿತು. ಆತ ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡುವ ಕೆಲಸಗಾರ. ಮಾತು ಕಡಿಮೆ, ಕೈ ಚುರುಕು. ಒಬ್ಬಳೇ ಮಗಳು, ನೀಲಮ. ಸುಂದರಾಬಾಯಿಯನ್ನು ಒಬ್ಬರನ್ನೇ ಬಿಡಬಾರದೆಂದು ಅಳಿಯನೇ ಜುಗೂಳಕ್ಕೆ ಬಂದು ನಿಂತ.

ಸುತ್ತಲಿನ ನಾಲ್ಕು ಹಳ್ಳಿಗೆ ಶೇವಂತಾಬಾಯಿಯೇ ನರ್ಸಬಾಯಿ. ಸ್ಕೂಟಿಯ ಮೇಲೆ ಲಸಿಕೆಯ ಡಬ್ಬಿ ಕಟ್ಟಿಕೊಂಡು ಕೆಸರು, ಬಿಸಿಲು ನೋಡದೆ ತಿರುಗುತ್ತಿದ್ದರು. ಎರಡು ಸಾವಿರದ ಹದಿನಾಲ್ಕರ ಬೇಸಿಗೆಯಲ್ಲಿ ಅವರು ಮೊದಲ ಸಲ ನನ್ನೆದುರಿಗೆ ಬಂದು ಕುಳಿತಾಗ ಆ ಡಬ್ಬಿ ಅವರ ಕಾಲ ಬಳಿಯೇ ಇತ್ತು. ಮನೆ ಕಟ್ಟಬೇಕು, ಸ್ಲ್ಯಾಬಿನ ಮನೆ, ಎಂದರು. ಆಗ ಅವರಿಗೆ ಮೂವತ್ತಾರು ವರ್ಷ.

ಜಾಗದ ಕಥೆಯನ್ನು ಅವರು ಆ ದಿನ ಹೇಳಲಿಲ್ಲ. ನನಗೆ ಬಹಳ ತಡವಾಗಿ ತಿಳಿಯಿತು. ಮೊದಲು ಅವರು ಕೇಳಿದ್ದು ಊರಿನ ಮೇಲಿನ ಓಣಿಯಲ್ಲಿ. ಅದು ಎತ್ತರದ ಜಾಗ, ಅಲ್ಲಿಗೆ ಹೊಳೆ ಎಂದೂ ಬಂದಿರಲಿಲ್ಲ. ಯಾರೂ ಇಲ್ಲವೆನ್ನಲಿಲ್ಲ. ಚಹಾ ಕೊಟ್ಟರು, ತಮ್ಮನನ್ನು ಕೇಳಬೇಕು ಎಂದರು, ಅಮಾವಾಸ್ಯೆ ಕಳೆಯಲಿ ಎಂದರು. ಹಾಗೆ ಎರಡು ವರ್ಷ ಹೋಯಿತು. ಕೊನೆಗೆ ಬಾಪುಸಾಹೇಬ ಎಂಬ ಜೈನ ರೈತರು, ಸುಂದರಾಬಾಯಿ ಆಯುಷ್ಯವೆಲ್ಲ ದುಡಿದದ್ದು ಅವರ ಹೊಲದಲ್ಲೇ, ತಗ್ಗಿನ ಕಡೆ ಎರಡು ಗುಂಟೆ ಕ್ರಯಕ್ಕೆ ಕೊಟ್ಟರು. ಮೋಸ ಮಾಡಲಿಲ್ಲ. ಎರಡು ಸಾವಿರದ ಐದರ ಮಹಾಪೂರ ಎಲ್ಲಿಯವರೆಗೆ ಬಂದಿತ್ತೆಂದು ತಾವೇ ನಿಂತು ತೋರಿಸಿದರು. ಜಾಗ ಅದಕ್ಕಿಂತ ಒಂದು ಆಳೆತ್ತರ ಮೇಲಿತ್ತು. ಬುನಾದಿಯನ್ನು ನಾಲ್ಕು ಅಡಿ ಎತ್ತರಿಸಿ ಕಟ್ಟು ಎಂದೂ ಹೇಳಿದರು. ಅದಕ್ಕಿಂತ ದೊಡ್ಡ ಪೂರ ಬರುತ್ತದೆಂದು ಆಗ ಯಾರಿಗೂ ಅನಿಸಿರಲಿಲ್ಲ.

ಹದಿನಾಲ್ಕು ಲಕ್ಷ ಸಾಲ, ಇಪ್ಪತ್ತು ವರ್ಷದ ಕಂತು. ಜಾಗ ನೋಡಲು ನಾನೇ ಹೋಗಿದ್ದೆ. ಬುನಾದಿ ಏಳುತ್ತಿತ್ತು. ಸುಂದರಾಬಾಯಿ ಇಟ್ಟಿಗೆಯ ರಾಶಿಯ ಪಕ್ಕ ಕುಳಿತು ನೀರು ಹೊಡೆಯುತ್ತಿದ್ದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು, ಎಷ್ಟು ವರ್ಷದ ಸಾಲ ಎಂದು ಕೇಳಿದರು. ಹೇಳಿದೆ.

"ಇಪ್ಪತ್ತ ವರ್ಷ ಅಂದ್ರ ನಾ ಇರೂದಿಲ್ಲ ಬಿಡ್ರಿ ಸಾಹೇಬ್ರ. ಗ್ವಾಡಿ ಇರತಾವಲ್ರಿ?"

"ಇರತಾವ್ರಿ ಆಯಿ," ಎಂದೆ.

ಮನೆ ಮುಗಿದಾಗ ಕರೆದಿದ್ದರು. ಮೂರು ಕೋಣೆ, ತಿಳಿ ಹಸಿರು ಬಣ್ಣ, ಮುಂದೆ ಗ್ರಾನೈಟಿನ ಮೆಟ್ಟಿಲು. ಪಡಸಾಲೆಯಲ್ಲಿ ಬುದ್ಧ, ಬಾಬಾಸಾಹೇಬರ ಫೋಟೊ ಇಟ್ಟು ವಂದನೆ ಮಾಡಿ ಎಲ್ಲರಿಗೂ ಖೀರು ಕೊಟ್ಟರು. ಇಡೀ ಕೇರಿಯಲ್ಲಿ ಅದೇ ಮೊದಲ ಸ್ಲ್ಯಾಬಿನ ಮನೆ. ರಾಜಾರಾಮ ಕಿಟಕಿಯ ಗ್ರಿಲ್ಲುಗಳನ್ನು ತಾನೇ ವೆಲ್ಡಿಂಗ್ ಮಾಡಿದ್ದ. ಬಂದವರಿಗೆ ಮನೆ ತೋರಿಸುವ ಹೊಣೆಯನ್ನು ಸುಂದರಾಬಾಯಿ ಯಾರಿಗೂ ಬಿಟ್ಟುಕೊಡಲಿಲ್ಲ. ಒಂದೊಂದು ದೀಪದ ಗುಂಡಿಯನ್ನೂ ಒತ್ತಿ ತೋರಿಸಿದರು. ನಾಲ್ಕು ವರ್ಷ ಆ ಮನೆಯಲ್ಲಿ ಸುಖವಾಗಿದ್ದರು. ಒಂದು ಕಂತೂ ತಡವಾಗಲಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಆಗಸ್ಟಿನಲ್ಲಿ ಮೇಲಿನ ಅಣೆಕಟ್ಟುಗಳಿಂದಲೂ ನೀರು ಬಿಟ್ಟರು, ಇಲ್ಲಿ ಮಳೆಯೂ ಹಿಡಿಯಿತು. ಮೂರು ದಿನದಲ್ಲಿ ಜುಗೂಳದ ಸುತ್ತ ನೀರೇ ನೀರಾಯಿತು. ಹಳೆಯ ಪೂರದ ಗುರುತನ್ನು ನೀರು ಒಂದೇ ಮಧ್ಯಾಹ್ನದಲ್ಲಿ ದಾಟಿತು. ಅದೇ ಹೊತ್ತಿಗೆ ಮೇಲಿನ ಓಣಿಯಿಂದ ಬಾಪುಸಾಹೇಬರ ಮಗ ಸುಜಯ ಓಡಿ ಬಂದ. ಅವನ ಹೆಂಡತಿಗೆ ಹೆರಿಗೆ ನೋವು ಶುರುವಾಗಿತ್ತು. ರಸ್ತೆ ಮುಚ್ಚಿತ್ತು, ಆಂಬುಲೆನ್ಸು ಬರುವಂತಿರಲಿಲ್ಲ. ಶೇವಂತಾಬಾಯಿ ತಮ್ಮ ಮನೆಯ ಸಾಮಾನು ಎತ್ತುವುದನ್ನು ಅಷ್ಟಕ್ಕೇ ಬಿಟ್ಟು ಹೋದರು. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಸಂಜೆಗೆ ತಾಯಿ ಮಗು ಇಬ್ಬರೂ ಉಳಿದರು. ಆ ಹುಡುಗಿಗೆ ಬ್ರಾಹ್ಮಿ ಎಂದು ಹೆಸರಿಟ್ಟಿದ್ದಾರೆ. ಅತ್ತ ರಾಜಾರಾಮ ಅತ್ತೆಯನ್ನೂ ಮಗಳನ್ನೂ ಬೋಟಿಗೆ ಹತ್ತಿಸಿ, ತಾನು ಕೊನೆಗೆ ಹೊರಟಾಗ ಪಡಸಾಲೆಯಲ್ಲಿ ಎದೆಮಟ್ಟ ನೀರಿತ್ತು.

ಎಂಟು ದಿನ ಆ ಮನೆ ನೀರಿನೊಳಗೆ ನಿಂತಿತು. ಇಳಿದ ಮೇಲೆ ಹೋಗಿ ನೋಡಿದರೆ ಮೊಳಕಾಲಮಟ್ಟ ರಾಡಿ, ಬಾಗಿಲುಗಳು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿದ್ದವು, ಜೋಳದ ಚೀಲ ಕೊಳೆತು ನಾರುತ್ತಿತ್ತು. ರಾಜಾರಾಮ ಹದಿನೈದು ದಿನ ಕೆಲಸಕ್ಕೆ ರಜೆ ಹಾಕಿ ಒಬ್ಬನೇ ತೊಳೆದ. ಸರಕಾರದ ಪರಿಹಾರ ಬಂತು, ಸಾಲಲಿಲ್ಲ. ರಿಪೇರಿಗೆಂದು ನಮ್ಮಲ್ಲಿಯೇ ಮತ್ತೆ ಮೂರು ಲಕ್ಷ ತೆಗೆದರು. ಅದೇ ಮನೆಯ ಮೇಲೆ, ಅದೇ ಅಡಮಾನದ ಮೇಲೆ. ನಾನು ಆಗಲೂ ಕೊಡಿಸಿದೆ. ಇಂಥ ಪೂರ ನೂರು ವರ್ಷಕ್ಕೊಮ್ಮೆ ಎಂದು ಎಲ್ಲರೂ ಹೇಳುತ್ತಿದ್ದರು.

ಎರಡೇ ವರ್ಷಕ್ಕೆ ಮತ್ತೆ ಬಂತು. ಈ ಸಲ ಕಿಟಕಿಯ ಮಟ್ಟಕ್ಕೇ ನಿಂತಿತು, ಆದರೆ ಕೆಳಗಿನ ಎರೆಮಣ್ಣು ಕುಸಿದು ಹಿಂದಿನ ಗೋಡೆ ಬಿರುಕು ಬಿಟ್ಟಿತು. ಕೈ ಹೋಗುವಷ್ಟು ಬಿರುಕು. ಶಾಲೆಯೊಂದರಲ್ಲಿ ನೆರೆ ಸಂತ್ರಸ್ತರಿಗೆ ತೆರೆದ ಕಾಳಜಿ ಕೇಂದ್ರದಲ್ಲಿ ಸುಂದರಾಬಾಯಿಗೆ ಥಂಡಿ ಹತ್ತಿ ಜ್ವರ ಎದೆಗೆ ಇಳಿಯಿತು. ಮಗಳು ಅಲ್ಲಿಯೇ ಎಲ್ಲರಿಗೂ ಗುಳಿಗೆ ಹಂಚುವ ಡ್ಯೂಟಿಯಲ್ಲಿದ್ದರು. ಮಿರಜಿನ ಆಸ್ಪತ್ರೆಗೆ ಸಾಗಿಸಿದರು. ನಾಲ್ಕನೆಯ ದಿನ ಸುಂದರಾಬಾಯಿ ಹೋದರು. ಹೋಗುವ ಮುಂಚೆ ಬಾಗಿಲಿಗೆ ಕೀಲಿ ಹಾಕಿದಿರೋ ಇಲ್ಲವೋ ಎಂದು ಎರಡು ಸಲ ಕೇಳಿದರಂತೆ. ಹಾಕಿದ್ದೇವೆ ಎಂದು ಶೇವಂತಾಬಾಯಿ ಸುಳ್ಳು ಹೇಳಿದರು. ಬಾಗಿಲು ಅಷ್ಟರಲ್ಲಿ ಕಿತ್ತುಹೋಗಿತ್ತು.

ಆಮೇಲೆ ರಾಜಾರಾಮ ಮೊದಲಿನಂತಾಗಲಿಲ್ಲ. ಮಳೆ ಶುರುವಾದರೆ ಆತನಿಗೆ ನಿದ್ದೆ ಬರುತ್ತಿರಲಿಲ್ಲ. ಹೊಳೆಯ ಕಡೆಯ ಕಿಟಕಿಗಳಿಗೆ ಪತ್ರಾಸಿನ ತಗಡು ಬಡಿದ. ನಳದ ನೀರು ಬಕೆಟ್ಟಿಗೆ ಬೀಳುವ ಸದ್ದನ್ನೂ ತಾಳುತ್ತಿರಲಿಲ್ಲ, ಎದ್ದು ಹೋಗಿ ನಳ ಮುಚ್ಚುತ್ತಿದ್ದ. ಹೆಂಡತಿ ನರ್ಸು. ಏನಾಗಿದೆಯೆಂದು ಅವರಿಗೆ ಗೊತ್ತಿತ್ತು. ಡಾಕ್ಟರಿಗೆ ತೋರಿಸಿದರು, ಗುಳಿಗೆ ಕೊಡಿಸಿದರು. ಎರಡು ಸಾವಿರದ ಇಪ್ಪತ್ತೆರಡರ ಜುಲೈಯಲ್ಲಿ, ಒಂದು ವಾರ ಸರಿಯಾಗಿ ನಿದ್ದೆಯಿಲ್ಲದೆ ಕೆಲಸಕ್ಕೆ ಹೋದವನು ಓಡುತ್ತಿದ್ದ ಮಗ್ಗದೊಳಗೆ ಕೈ ಹಾಕಿಬಿಟ್ಟ. ಬಲಗೈಯ ಎರಡು ಬೆರಳು ಹೋದವು. ಇಪ್ಪತ್ತೈದು ವರ್ಷದಲ್ಲಿ ಆ ಕೈಗೆ ಗೀರು ಕೂಡ ಬಿದ್ದಿರಲಿಲ್ಲ.

ಜುಗೂಳ ಬಿಡಬೇಕೆಂದು ಶೇವಂತಾಬಾಯಿ ಆಗ ನಿಶ್ಚಯಿಸಿದರು. ಚಿಕ್ಕೋಡಿಯ ಕಡೆಗೆ ವರ್ಗ ಕೇಳಿದರು, ಸಿಕ್ಕಿತು. ನೀಲಮಳ ಕಾಲೇಜೂ ಅಲ್ಲಿಯೇ. ಉಳಿದದ್ದು ಮನೆ ಮಾರಿ ಸಾಲ ಮುಟ್ಟಿಸುವುದು. ಅದಕ್ಕಾಗಿ ಬ್ಯಾಂಕಿಗೆ ಬಂದರು.

ಬೆಲೆ ಕಟ್ಟುವ ಇಂಜಿನಿಯರರನ್ನು ಕಳಿಸಿದೆವು. ಹದಿನೈದು ದಿನಕ್ಕೆ ವರದಿ ಬಂತು. ತಗ್ಗಿನ ಕೇರಿಯನ್ನು ಬೇರೆಡೆಗೆ ಎಬ್ಬಿಸುತ್ತಾರೆಂಬ ಮಾತು ಊರಲ್ಲಿ ಹಬ್ಬಿದ್ದರಿಂದ ಆ ಕಡೆ ಜಾಗ ಕೊಳ್ಳುವವರೇ ಇರಲಿಲ್ಲ. ಗೋಡೆ ಬೇರೆ ಬಿರಿದಿತ್ತು. ಎಲ್ಲ ಸೇರಿ ಐದೂವರೆ ಲಕ್ಷ ಎಂದು ಬರೆದಿದ್ದರು. ಸಾಲ ಉಳಿದದ್ದು ಹದಿಮೂರೂವರೆ ಲಕ್ಷ. ಮನೆ ಮಾರಿ ಪೂರ್ತಿ ರೊಕ್ಕ ಬ್ಯಾಂಕಿಗೆ ಕೊಟ್ಟರೂ ಎಂಟು ಲಕ್ಷ ಸಾಲ ಹಾಗೆಯೇ ನಿಲ್ಲುತ್ತದೆ. ಸಾಲ ಪೂರ್ತಿ ಮುಟ್ಟದೆ ಅಡಮಾನ ಬಿಡುವುದಿಲ್ಲ, ಅಡಮಾನ ಬಿಡದೆ ಮನೆ ಇನ್ನೊಬ್ಬರ ಹೆಸರಿಗೆ ಹೋಗುವುದಿಲ್ಲ.

ಅವರನ್ನು ಕರೆದು ಕೂರಿಸಿ ಎಲ್ಲ ಹೇಳಿದೆ. ಕಂತು ಕಟ್ಟುತ್ತ ಮನೆ ಇಟ್ಟುಕೊಳ್ಳಬಹುದು, ಬಾಡಿಗೆಗೆ ಕೊಡಬಹುದು. ಬಾಡಿಗೆಗೆ ಯಾರೂ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಸಾಲದ ಅವಧಿ ಬೆಳೆಸಬಹುದು. ಆದರೆ ಅವರ ನಿವೃತ್ತಿಯಾಚೆಗೆ ಬೆಳೆಸುವಂತಿಲ್ಲ, ಕಂತು ಇಳಿದರೂ ತಿಂಗಳಿಗೆ ಎರಡು ಸಾವಿರವಷ್ಟೇ ಇಳಿಯಬಹುದು. ಕಂತು ನಿಲ್ಲಿಸಿ ಮನೆಯನ್ನು ಬ್ಯಾಂಕಿಗೇ ಬಿಟ್ಟರೆ ಹರಾಜಾಗುತ್ತದೆ, ಇನ್ನೂ ಕಡಿಮೆಗೆ ಹೋಗುತ್ತದೆ, ಕೊರತೆ ಬಿದ್ದ ಹಣ ಅವರ ಬೆನ್ನು ಬಿಡುವುದಿಲ್ಲ. ಮುಂದೆ ಮಗಳ ಓದಿಗೂ ಯಾರೂ ಸಾಲ ಕೊಡುವುದಿಲ್ಲ.

ಅವರು ಎಲ್ಲ ಕೇಳಿದರು. ಬಾಕಿ ಉಳಿಸಿಕೊಂಡವರಿಗೆ ರಾಜಿ ಮಾಡಿ ಸಾಲ ಕಡಿಮೆ ಮಾಡುತ್ತಾರಂತಲ್ಲ, ಅದು ಏನೆಂದು ಕೇಳಿದರು. ಅದು ಬಹಳ ದಿನ ಕಟ್ಟದೆ ಇದ್ದವರ ಸಲುವಾಗಿ, ನಿಮ್ಮದು ಎಂಟು ವರ್ಷದಲ್ಲಿ ಒಂದು ಕಂತೂ ತಪ್ಪಿಲ್ಲ, ನಿಮಗೆ ಬರುವುದಿಲ್ಲ ಎಂದೆ.

"ಅಂದ್ರ ತಪ್ಪದ ಕಟ್ಟಿದ್ದ ನಂದ ತಪ್ಪಾತೇನ್ರಿ?"

ಅವರು ವ್ಯಂಗ್ಯಕ್ಕೆ ಕೇಳಲಿಲ್ಲ. ನಿಜವಾಗಿ ಕೇಳಿದರು.

ಆಮೇಲೆ ವಿಮೆಯ ಮಾತು ತೆಗೆದರು. ಸಾಲ ಕೊಡುವಾಗ ಮನೆಗೆ ವಿಮೆ ಮಾಡಿಸಿದ್ದಿರಲ್ಲ ಎಂದರು. ಈ ಪ್ರಶ್ನೆ ಬರುತ್ತದೆಂದು ನನಗೆ ಎರಡು ಸಾವಿರದ ಹತ್ತೊಂಬತ್ತರಿಂದಲೂ ಗೊತ್ತಿತ್ತು. ರಿಪೇರಿಯ ಸಾಲ ಕೊಡಿಸುವಾಗಲೂ ನಾನಾಗಿ ಆ ಮಾತು ಎತ್ತಿರಲಿಲ್ಲ. ನಾವು ಮಾಡಿಸಿದ್ದು ಮೂರು ವರ್ಷದ್ದು, ಎರಡು ಸಾವಿರದ ಹದಿನೇಳಕ್ಕೇ ಮುಗಿದಿತ್ತು. ಮುಗಿಯುತ್ತದೆ, ಮತ್ತೆ ಕಟ್ಟಿರಿ ಎಂದು ನೆನಪು ಮಾಡುವ ಪತ್ರ ನನ್ನ ಮೇಜಿನಿಂದ ಹೋಗಬೇಕಿತ್ತು. ಆ ವರ್ಷ ಕೆಲಸ ಬಹಳವಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಅವರಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ.

"ಮುಗದಿತ್ರಿ ಬಾಯಿ," ಎಂದೆ. "ನಾ ನಿಮಗ ತಿಳಿಸಬೇಕಾಗಿತ್ತು. ತಿಳಿಸಲಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಹಿಂದಿನ ಕೌಂಟರಿನಲ್ಲಿ ಯಾರೋ ಪಾಸ್‌ಬುಕ್ಕು ಪ್ರಿಂಟಿಗೆ ಹಾಕುತ್ತಿದ್ದರು. "ಮುಂದಿಂದ ಹೇಳ್ರಿ," ಎಂದರು.

ಮುಂದಿನದು ಒಂದೇ ದಾರಿ. ಬ್ಯಾಂಕಿನ ಒಪ್ಪಿಗೆ ಪಡೆದು ಮನೆ ಮಾರುವುದು, ಬಂದ ಹಣವನ್ನೆಲ್ಲ ಸಾಲಕ್ಕೆ ತುಂಬುವುದು, ಉಳಿದ ಎಂಟು ಲಕ್ಷವನ್ನು ಅವರ ಸಂಬಳದ ಮೇಲಿನ ಸಾಲವಾಗಿ ಬದಲಿಸುವುದು. ಮನೆಯ ಅಡಮಾನ ಇಲ್ಲದ್ದರಿಂದ ಬಡ್ಡಿ ಹೆಚ್ಚು. ಹತ್ತು ವರ್ಷದ ಕಂತು, ಒಬ್ಬ ಜಾಮೀನುದಾರರು ಬೇಕು. ಇದಕ್ಕೂ ಮೇಲಿನ ಕಚೇರಿ ಒಪ್ಪಬೇಕು. ಒಪ್ಪಿಸುವುದು ನನ್ನ ಹೊಣೆ ಎಂದೆ. ಮೂರು ಸಲ ಕಾಗದ ತಿರುಗಿ ಬಂತು, ನಾಲ್ಕನೆಯ ಸಲಕ್ಕೆ ಒಪ್ಪಿದರು. ಅವರ ಜೊತೆಯ ನರ್ಸು ದಾನೇಶ್ವರಿ ಜಾಮೀನಿಗೆ ಸಹಿ ಹಾಕಿದರು. ಗಂಡನಿಗೆ ಹೇಳದೆ ಹಾಕಿದರೆಂದು ಆಮೇಲೆ ಕೇಳಿದೆ.

ಕೊಳ್ಳಲು ಬಂದವನು ಬಾಪುಸಾಹೇಬರ ಮಗ ಸುಜಯ ಒಬ್ಬನೇ. ಹೊಲದ ಮೋಟಾರು, ಪೈಪು ಇಡಲು ಜಾಗ ಬೇಕಿತ್ತು. ಪೂರ ಬಂದರೆ ಎತ್ತಿಕೊಂಡು ಹೋಗುವ ಸಾಮಾನು. ಮಾತು ಮುಗಿಸಲು ಬಾಪುಸಾಹೇಬರ ಮನೆಗೆ ಹೋದಾಗ ಬ್ಯಾಂಕಿನ ಪರವಾಗಿ ನಾನೂ ಇದ್ದೆ. ಬಾಪುಸಾಹೇಬರಿಗೆ ಎಂಬತ್ತು ದಾಟಿತ್ತು. ಸುಜಯ ಐದೂವರೆ ಎಂದು ಹೇಳಿ ಮುಗಿಸುವಷ್ಟರಲ್ಲಿ ಅವರು ಕೈ ಎತ್ತಿ ತಡೆದರು.

"ಅದರ ಮ್ಯಾಲ ಐವತ್ತ ಸಾವಿರ ಹಿಡಿ, ಶೇವಂತಾ. ನಮ್ಮ ಬ್ರಾಹ್ಮಿ ಉಳದದ್ದ ನಿನ್ನಿಂದ. ಅವತ್ತ ನಿನಗ ಏನೂ ಕೊಡಲಿಲ್ಲ ನಾವು."

ಶೇವಂತಾಬಾಯಿ ನೆಲದ ಮೇಲೆ ಕುಳಿತಿದ್ದರು. ಕುರ್ಚಿ ಖಾಲಿಯಿತ್ತು, ಯಾರೂ ಕೂರೆಂದಿರಲಿಲ್ಲ. ನನಗದು ಆಗ ಕಣ್ಣಿಗೆ ಬಿತ್ತು.

"ಬಾಳಂತನದ ರೊಕ್ಕ ನಾ ಯಾರ ಕಡೆನೂ ತಗೊಂಡಿಲ್ರಿ ಅಣ್ಣಾರ," ಎಂದರು. "ನಾ ಮ್ಯಾಲಿನ ಓಣ್ಯಾಗ ಜಾಗಾ ಕೇಳಿದ್ದೆ. ಅವತ್ತ ನನ್ನ ರೊಕ್ಕ ತಗೊಂಡು ಕೊಟ್ಟಿದ್ರ ಸಾಕಾಗ್ತಿತ್ತು."

ಬಾಪುಸಾಹೇಬರು ಟೋಪಿ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಐದೂವರೆಗೇ ವ್ಯವಹಾರ ಮುಗಿಯಿತು.

ಅಥಣಿಯ ನೋಂದಣಿ ಕಚೇರಿಯಲ್ಲಿ ಡಿಸೆಂಬರಿನಲ್ಲಿ ಖರೀದಿ ಪತ್ರವಾಯಿತು. ಕ್ಯಾಮೆರಾದ ಕಡೆ ನೋಡಿರಿ ಎಂದಾಗ ಶೇವಂತಾಬಾಯಿ ನೋಡಿದರು, ಹೆಬ್ಬೆರಳು ಒತ್ತಿರಿ ಎಂದಾಗ ಒತ್ತಿದರು. ರಾಜಾರಾಮ ಹೊರಗೆ ಬೇವಿನ ಕೆಳಗೆ ಕುಳಿತಿದ್ದ. ಒಳಗೆ ಬರಲಿಲ್ಲ. ಹಿಂದಿನ ದಿನ ಆತ ಜುಗೂಳಕ್ಕೆ ಹೋಗಿ, ಮೂರೇ ಬೆರಳು ಉಳಿದ ಕೈಯಲ್ಲಿ ಇಡೀ ಮನೆ ಗುಡಿಸಿ ಬಂದಿದ್ದನೆಂದು ನೀಲಮ ನನಗೆ ಹೇಳಿದಳು. ಹಿಂಡಿಯ ಚೀಲ ಇಡುವ ಮನೆಯನ್ನು ಯಾಕೆ ಗುಡಿಸಿದಿರಿ ಎಂದು ಅವಳು ಕೇಳಿದ್ದಕ್ಕೆ, ರಾಡಿ ಮನೆ ಕೊಡಬಾರದು ಎಂದನಂತೆ.

ಚಿಕ್ಕೋಡಿಯಲ್ಲಿ ಎತ್ತರದ ಕಡೆ, ಕೋರ್ಟಿನ ಹಿಂದೆ, ಎರಡು ಕೋಣೆಯ ಬಾಡಿಗೆ ಮನೆ ಹಿಡಿದರು. ಬಾಡಿಗೆ ಐದು ಸಾವಿರ. ಕಂತೂ ಬಾಡಿಗೆಯೂ ಕೂಡಿದರೆ ಮೊದಲು ಕಟ್ಟುತ್ತಿದ್ದಷ್ಟೇ ಆಗುತ್ತಿತ್ತು. ಮೊದಲು ಅದಕ್ಕೆ ಸ್ವಂತದ ಮನೆಯೊಂದಿತ್ತು. ರಾಜಾರಾಮ ಒಂದು ಮಂಗಲ ಕಾರ್ಯಾಲಯದಲ್ಲಿ ಕಾವಲುಗಾರನಾದ. ಮದುವೆಯಿಲ್ಲದ ದಿನ ಅಲ್ಲಿಯ ಕೆಟ್ಟ ಪಂಖ, ಮುರಿದ ಕುರ್ಚಿ ರಿಪೇರಿ ಮಾಡುತ್ತ ಕೂರುತ್ತಿದ್ದ. ಎಡಗೈಗೆ ಕೆಲಸ ಕಲಿಸುತ್ತಿದ್ದೇನೆ ಎಂದು ಒಮ್ಮೆ ನನಗೇ ಹೇಳಿದ. ಅವನಾಗಿ ನನ್ನೊಡನೆ ಮಾತಾಡಿದ್ದು ಅದೊಂದೇ ಸಲ.

ಈ ವರ್ಷದ ಜನವರಿಯಲ್ಲಿ ಅದೇ ಕಾರ್ಯಾಲಯದ ಮೆಟ್ಟಿಲ ಮೇಲೆ ಕುಳಿತಿದ್ದವನು ಹಾಗೆಯೇ ಒರಗಿದನಂತೆ. ಹೃದಯದ್ದು ಎಂದರು. ಐವತ್ತೆರಡು ವರ್ಷ. ಭೋಜಕ್ಕೆ ಒಯ್ದು ಮಣ್ಣು ಮಾಡಿದರು. ನಾನು ಹೋಗಿದ್ದೆ. ಹೂವಿನ ಹಾರ ಇಟ್ಟು ಹಿಂದೆ ಸರಿದು ನಿಂತೆ.

ಮಳೆಗಾಲ ಹಿಡಿದ ಮೇಲೆ ಒಂದು ದಿನ ಶೇವಂತಾಬಾಯಿ ಬಸ್ ನಿಲ್ದಾಣದಲ್ಲಿ ಸಿಕ್ಕರು. ಇನ್ನೂ ಏಳು ವರ್ಷ ಕಂತಿದೆ. ಗಂಡನಿಲ್ಲ, ತಾಯಿಯಿಲ್ಲ, ಮನೆಯಿಲ್ಲ. ಆ ಮನೆ ಮಾರಿಸಿ ನಾನು ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂಬುದು ನನ್ನನ್ನು ಕೊರೆಯುತ್ತಿತ್ತು. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನು, ಕೇಳಬಾರದೆಂದು ಗೊತ್ತಿದ್ದೂ ಕೇಳಿದೆ: ಮಾರಿದ್ದಕ್ಕೆ ಸಂಕಟ ಆಗುತ್ತದೆಯೇ?

ಅವರು ಬಸ್ಸು ಬರುವ ದಾರಿಯ ಕಡೆ ನೋಡುತ್ತ ಹೇಳಿದರು.

"ಇಲ್ಲಿ ಬಂದ ಮ್ಯಾಲ ಎರಡ ಮಳಿಗಾಲ ನಮ್ಮವರು ಕಣ್ಣತುಂಬ ನಿದ್ದಿ ಮಾಡಿದ್ರು, ಸಾಹೇಬ್ರ. ಪತ್ರಾಸಿನ ಮ್ಯಾಲ ಮಳಿ ಬಡದ್ರೂ ಏಳ್ತಿದ್ದಿಲ್ಲ. ನಾ ಬಾಜೂಕ ಕುಂತು ನೋಡತಿದ್ದೆ." ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು, "ಮದ್ಲ ಮಾರಬೇಕಿತ್ತು. ಬೆರಳಾದ್ರೂ ಉಳೀತಿದ್ವು," ಎಂದರು.

ನೀಲಮ ನರ್ಸಿಂಗ್ ಸೇರಿದ್ದಾಳೆಂದೂ, ಶುಲ್ಕಕ್ಕೆ ಸಾಲ ಕೇಳಿದ್ದಾಳೆಂದೂ, ಈ ಸಲ ಪ್ರತಿ ಕಾಗದವನ್ನು ತಾನೇ ಓದಿ ಸಹಿ ಹಾಕುವುದಾಗಿ ಹೇಳುತ್ತಾಳೆಂದೂ ತಿಳಿಸಿದರು. ಅಷ್ಟರಲ್ಲಿ ಅವರ ಬಸ್ಸು ಬಂತು. ಕೆಸರು ತಪ್ಪಿಸಿ ಸೀರೆಯ ನೆರಿಗೆ ಎತ್ತಿಕೊಂಡು ಹತ್ತಿದರು. ಕಿಟಕಿಯ ಪಕ್ಕ ಜಾಗ ಸಿಗಲಿಲ್ಲ. ಕಂಬಿ ಹಿಡಿದು ನಿಂತೇ ಹೋದರು.